ದೂರದರ್ಶಕ ಜೋಡಿಸುವ ಅರ್ಧ ಗಂಟೆ ಯಾರದ್ದು?

ನಮ್ಮ ಬೋಧನಾಭ್ಯಾಸದ ಅವಲೋಕನ ನಮೂನೆಯಲ್ಲಿ ‘ಬೋಧನೋಪಕರಣಗಳ ಪೂರ್ವಸಿದ್ಧತೆ’ ಎಂಬ ಒಂದು ಸಾಲಿದೆ. ಚಾರ್ಟು, ಮಾದರಿ, ಪ್ರಯೋಗದ ಸಾಮಗ್ರಿ ಎಲ್ಲವೂ ಮಕ್ಕಳು ಬಂದು ಕೂರುವ ಮೊದಲೇ ಸಿದ್ಧವಿರಬೇಕು; ಪಾಠದ ನಡುವೆ ಶಿಕ್ಷಕರು ವೈರು ಹುಡುಕುತ್ತಾ, ಸ್ಕ್ರೂ ತಿರುಗಿಸುತ್ತಾ ನಿಲ್ಲಬಾರದು ಎಂಬುದು ಅದರ ಆಶಯ. ಲಿಟ್ಮಸ್ ಕಾಗದಕ್ಕೆ, ಆಮ್ಲದ ಬಾಟಲಿಗಳಿಗೆ, ಪ್ರೊಜೆಕ್ಟರಿಗೆ ಇದು ಸರಿ. ಗಣಕೀಕೃತ ಮೌಂಟ್ ಮೇಲೆ ಕೂತ ದೂರದರ್ಶಕಕ್ಕೂ ಇದೇ ಅಳತೆಗೋಲು ಹಿಡಿದರೆ ಪಾಠದ ತಿರುಳು ಮಕ್ಕಳು ಬರುವ ಮೊದಲೇ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಸಾಲಾಗಿ ನಿಂತು, ಒಂದು ಕಣ್ಣು ಮುಚ್ಚಿ, “ಕಾಣ್ತು ಮಿಸ್” ಎಂದು ಹೇಳಿ ಹೋಗುವುದಷ್ಟೇ.

ಮೌಂಟ್ ಜೋಡಿಸುವ ಅರ್ಧ ಗಂಟೆ ಮಕ್ಕಳದ್ದಾಗಬೇಕು, ಅದು ಕೈಕೊಟ್ಟಾಗ ಕಾರಣ ಹುಡುಕುವ ಹತ್ತು ನಿಮಿಷವಂತೂ ಖಂಡಿತ ಮಕ್ಕಳದ್ದಾಗಬೇಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಒಪ್ಪದ ಹಿರಿಯರು ನಮ್ಮಲ್ಲೇ ಇದ್ದಾರೆ. ಅವರ ಆಕ್ಷೇಪಗಳಲ್ಲಿ ಹುರುಳಿದೆ, ಅದಕ್ಕೂ ಬರುತ್ತೇನೆ.

ಮಾಗಡಿ ತಾಲ್ಲೂಕಿನ ಕೆಂಪಾಪುರವನ್ನು ಕೆಂಪೇಗೌಡರ ಸಮಾಧಿ ಇರುವ ಊರೆಂದು ಬಹಳ ಜನ ಬಲ್ಲರು. ಅಲ್ಲಿನ ಮಕ್ಕಳಿಗೆ ಫೆಬ್ರವರಿಯಲ್ಲಿ ಎರಡು ಸಂಜೆ ಆಕಾಶ ವೀಕ್ಷಣೆ ನಡೆಸಿದೆವು. ಎಂಟು, ಒಂಬತ್ತನೇ ತರಗತಿಯ ನಲವತ್ತೆರಡು ಮಕ್ಕಳು, ನಾವು ಮೂವರು ಪ್ರಶಿಕ್ಷಣಾರ್ಥಿಗಳು. ಪೂರ್ವ ದಿಗಂತದಲ್ಲಿ ಬೆಂಗಳೂರಿನ ಬೆಳಕು ಮಸಿಯ ಮೇಲೆ ಹಾಲು ಚೆಲ್ಲಿದ ಹಾಗೆ ಇರುತ್ತದೆ. ನೆತ್ತಿಯ ಮೇಲಿನ ಆಕಾಶ ಮಾತ್ರ ಇನ್ನೂ ಚೆನ್ನಾಗಿಯೇ ಇದೆ.

ಈ ಮೌಂಟ್ ಬಳಸದ ಓದುಗರಿಗಾಗಿ ಒಂದೆರಡು ಮಾತು. ದೂರದರ್ಶಕದ ಕೊಳವೆಯನ್ನು ಎತ್ತಿ ಹಿಡಿಯುವ, ತಿರುಗಿಸುವ ಭಾಗವೇ ಮೌಂಟ್. ಗಣಕೀಕೃತ ಮೌಂಟ್‌ನಲ್ಲಿ ಎರಡು ಮೋಟಾರುಗಳಿರುತ್ತವೆ. ಒಂದು ಕೊಳವೆಯನ್ನು ಸುತ್ತಲೂ ತಿರುಗಿಸುತ್ತದೆ, ಇನ್ನೊಂದು ಮೇಲೆ ಕೆಳಗೆ ಆಡಿಸುತ್ತದೆ. ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್‌ನ ಸ್ಮೃತಿಯಲ್ಲಿ ಸಾವಿರಾರು ಆಕಾಶಕಾಯಗಳ ಸ್ಥಾನ ಇರುತ್ತದೆ. ಇಷ್ಟಿದ್ದರೂ ಸ್ವಿಚ್ ಒತ್ತಿದ ಕ್ಷಣದಲ್ಲಿ ಅದಕ್ಕೆ ಆಕಾಶದ ಬಗ್ಗೆ ಏನೂ ಗೊತ್ತಿರುವುದಿಲ್ಲ. ನೀನು ಭೂಮಿಯ ಮೇಲೆ ಎಲ್ಲಿದ್ದೀಯ, ಈಗ ಗಂಟೆ ಎಷ್ಟು, ಇವತ್ತು ಯಾವ ದಿನ ಎಂದು ಹೇಳಿ, ಎರಡು ನಕ್ಷತ್ರಗಳನ್ನು ಬೆರಳಿಟ್ಟು ತೋರಿಸಿದ ಮೇಲೆ ಅದು ತನ್ನ ಲೆಕ್ಕ ಶುರು ಮಾಡುತ್ತದೆ.

ಮೋಟಾರೇ ಬೇಡ, ಕೈಯಿಂದ ತಿರುಗಿಸಿದರೆ ಸಾಕು ಎನ್ನುವವರ ಪಕ್ಷ ನನ್ನದಲ್ಲ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ, ಎಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಚಂದ್ರನ ಅಗಲ ಅರ್ಧ ಡಿಗ್ರಿ. ನಲವತ್ತೆರಡು ಮಕ್ಕಳಿಗೆ ತಲಾ ಅರ್ಧ ನಿಮಿಷ ಕೊಟ್ಟರೂ ಇಪ್ಪತ್ತೊಂದು ನಿಮಿಷ ಬೇಕು. ಅಷ್ಟರಲ್ಲಿ ನೋಡುತ್ತಿರುವ ವಸ್ತು ಸುಮಾರು ಐದು ಡಿಗ್ರಿ, ಹತ್ತು ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು, ಸರಿದಿರುತ್ತದೆ. ಸಾಲಿನ ಕೊನೆಯ ಮಗು ಖಾಲಿ ಆಕಾಶ ನೋಡಿ, ಏನೋ ಕಂಡಂತೆ ತಲೆಯಾಡಿಸಿ ಹೋಗುತ್ತದೆ. ಮಕ್ಕಳು ಹೀಗೆ ಸುಳ್ಳು ಹೇಳುವುದು ನಮ್ಮನ್ನು ಮೆಚ್ಚಿಸಲು. ಆಕಾಶದ ಜೊತೆ ಜೊತೆಗೆ ತಿರುಗುವ ಮೋಟಾರು ಆ ಕೊನೆಯ ಮಗುವಿಗೂ ಮೊದಲ ಮಗುವಿಗೆ ಕಂಡದ್ದನ್ನೇ ತೋರಿಸುತ್ತದೆ. ಹಾಗಾಗಿ ಯಂತ್ರ ಬೇಕು. ಅದನ್ನು ಸಿದ್ಧಗೊಳಿಸುವ ಕೆಲಸ ಯಾರ ಕೈಯಲ್ಲಿರಬೇಕು ಎಂಬುದಷ್ಟೇ ಪ್ರಶ್ನೆ.

ಹ್ಯಾಂಡ್‌ಸೆಟ್ ಕೇಳುವ ಪ್ರಶ್ನೆಗಳನ್ನು ಒಮ್ಮೆ ನೋಡಿ. ಅಕ್ಷಾಂಶ, ರೇಖಾಂಶ, ಕಾಲವಲಯ, ದಿನಾಂಕ, ಸಮಯ. ಇವೆಲ್ಲ ಸಮಾಜ ವಿಜ್ಞಾನದ ಭೂಗೋಳ ಭಾಗದಲ್ಲಿ ನಾವೇ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುವ ಪದಗಳು. ಪರೀಕ್ಷೆಯ ಬಿಟ್ಟಸ್ಥಳದ ಹೊರಗೆ ಅವುಗಳಿಗೆ ಕೆಲಸ ಸಿಗುವ ಸಂದರ್ಭ ಶಾಲೆಯಲ್ಲಿ ಬಹಳ ಅಪರೂಪ. ಇಲ್ಲಿ ಸಿಗುತ್ತದೆ, ಉತ್ತರ ತಪ್ಪಾದರೆ ಕೆಂಪು ಶಾಯಿಯ ಅಗತ್ಯವೂ ಇಲ್ಲ. ಕೊಳವೆ ಎಲ್ಲರ ಕಣ್ಣೆದುರೇ ಬೇರೆ ಕಡೆ ತಿರುಗಿ ನಿಲ್ಲುತ್ತದೆ.

ಮೊದಲ ಸಂಜೆ ದಿನಾಂಕ ಒತ್ತಲು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದೆ. ಫೆಬ್ರವರಿ 5. ಅವಳು ನಮ್ಮ ರೂಢಿಯಂತೆ ದಿನ ಮೊದಲು, ತಿಂಗಳು ಆಮೇಲೆ ಎಂದು 05, 02 ಒತ್ತಿದಳು. ಆ ಹ್ಯಾಂಡ್‌ಸೆಟ್ ತಿಂಗಳನ್ನು ಮೊದಲು ಕೇಳುತ್ತದೆ ಎಂದು ನಾನು ಮುಂಚಿತವಾಗಿ ಹೇಳಿರಲಿಲ್ಲ; ಹೇಳಬಾರದೆಂದೇ ಪಾಠ ಯೋಜನೆಯಲ್ಲಿ ಬರೆದುಕೊಂಡಿದ್ದೆ. ಲುಬ್ಧಕಕ್ಕೆ ಹೋಗು ಎಂದು ಒತ್ತಿದಾಗ ಮೋಟಾರು ಗುರ್ರೆನ್ನುತ್ತಾ ನೈರುತ್ಯಕ್ಕೆ ತಿರುಗಿತು. ಲುಬ್ಧಕ ಆಗ್ನೇಯದಲ್ಲಿ ಕಣ್ಣು ಕೋರೈಸುವಂತೆ ಹೊಳೆಯುತ್ತಿತ್ತು. “ಮಿಸ್, ಅದು ಆ ಕಡೆ ಐತೆ, ಇದ್ಯಾಕೆ ಈ ಕಡೆ ನೋಡ್ತೈತೆ?”

ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಕೊಡಲಿಲ್ಲ. ಒತ್ತಿದ್ದನ್ನೆಲ್ಲ ಮತ್ತೆ ಓದಿ ಎಂದೆ. ತಿಂಗಳು ಐದು ಎಂದು ತೋರಿಸುತ್ತಿರುವುದು ಮೂರು ನಿಮಿಷದಲ್ಲಿ ಸಿಕ್ಕಿತು. ಮೌಂಟ್ ತಾನು ಮೇ 2ರ ಸಂಜೆಯಲ್ಲಿದ್ದೇನೆ ಎಂದುಕೊಂಡಿತ್ತು. ಮೇ ತಿಂಗಳ ಸಂಜೆ ಲುಬ್ಧಕ ಇರುವುದು ನೈರುತ್ಯದಲ್ಲೇ. ಯಂತ್ರದ ಲೆಕ್ಕ ಸರಿಯಾಗಿಯೇ ಇತ್ತು. ಎರಡು ದಿನಾಂಕಗಳ ನಡುವೆ 86 ದಿನ, ದಿನಕ್ಕೆ ಹೆಚ್ಚು ಕಡಿಮೆ ಒಂದು ಡಿಗ್ರಿಯಂತೆ ಆಕಾಶ ಸುಮಾರು 85 ಡಿಗ್ರಿ ಸರಿದಿರುತ್ತದೆ. ಭೂಮಿ ಸೂರ್ಯನನ್ನು ಸುತ್ತುವುದರಿಂದ ಕಾಲಕ್ಕೆ ತಕ್ಕಂತೆ ಬೇರೆ ಬೇರೆ ನಕ್ಷತ್ರಗಳು ಕಾಣುತ್ತವೆ ಎಂಬ ವಾಕ್ಯವನ್ನು ನಾನು ಎಷ್ಟೋ ತರಗತಿಗಳಲ್ಲಿ ಕೇಳಿದ್ದೇನೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ನಾನು ನೋಡಿಲ್ಲ. ಉಪಕರಣ ‘ಪೂರ್ವಸಿದ್ಧ’ವಾಗಿದ್ದರೆ ಇದು ಆಗುತ್ತಿರಲಿಲ್ಲ.

ಅದರ ಮಾರನೆಯ ಸಂಜೆ ಬೇಕೆಂದೇ ಇನ್ನೆರಡು ತಪ್ಪುಗಳನ್ನು ಮಕ್ಕಳ ಕೈಯಲ್ಲಿ ಮಾಡಿಸಿದೆವು. ಒಂದು, ರೇಖಾಂಶದಲ್ಲಿ ಪೂರ್ವದ ಬದಲು ಪಶ್ಚಿಮ. ಮಾಗಡಿಯ ಸುತ್ತಮುತ್ತ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ, ರೇಖಾಂಶ 77 ಡಿಗ್ರಿ ಪೂರ್ವ. 77 ಪಶ್ಚಿಮ ಎಂದು ಕೊಟ್ಟಾಗ ಲುಬ್ಧಕ ದಿಗಂತದ ಕೆಳಗಿದೆ ಎಂದು ಹ್ಯಾಂಡ್‌ಸೆಟ್ ಸಂದೇಶ ತೋರಿಸಿತು. ಹಾಗಾದರೆ ಈಗ ನಾವು ಎಲ್ಲಿದ್ದೇವೆ? ಶಾಲೆಯ ಗ್ಲೋಬನ್ನು ಟಾರ್ಚ್ ಬೆಳಕಿನಲ್ಲಿ ತಿರುಗಿಸಿ ನೋಡಿದರೆ ಜಮೈಕಾಕ್ಕೆ ದಕ್ಷಿಣದಲ್ಲಿ, ಕೆರಿಬಿಯನ್ ಸಮುದ್ರದ ನೀರಿನ ಮೇಲೆ! ಒಬ್ಬ ಹುಡುಗ “ಕೆಂಪಾಪುರ ಮುಳುಗೋಯ್ತು” ಎಂದ. ಆ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಪೂರ್ವ, ಪಶ್ಚಿಮ ಎಂಬ ಒಂದಕ್ಷರದ ಬೆಲೆ ಅವರು ಇನ್ನು ಮರೆಯುವುದು ಕಷ್ಟ.

ಇನ್ನೊಂದು, ಕಾಲವಲಯ. ನಮ್ಮದು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಆ ಅರ್ಧವನ್ನು ಬಿಟ್ಟು ಐದು ಎಂದು ಕೊಟ್ಟರೆ ಕೊಳವೆ ಏಳೂವರೆ ಡಿಗ್ರಿ ಆಚೀಚೆ ನಿಲ್ಲುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅದಕ್ಕಿಂತ ಸ್ವಲ್ಪ ಕಡಿಮೆ. ಇಲ್ಲಿಂದ 82½ ಡಿಗ್ರಿ ರೇಖಾಂಶದ ಮಾತು ತಾನಾಗಿಯೇ ಬಂತು. ಭಾರತೀಯ ಕಾಲಮಾನ ಆ ರೇಖೆಯದ್ದು, ನಾವಿರುವುದು ಅದಕ್ಕಿಂತ ಐದು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ. ಹಾಗಾಗಿ ನಮ್ಮ ಊರಿನ ನಿಜವಾದ ಸೌರಕಾಲ ಗಡಿಯಾರಕ್ಕಿಂತ ಸುಮಾರು ಇಪ್ಪತ್ತೊಂದು ನಿಮಿಷ ಹಿಂದೆ ಇರುತ್ತದೆ. ಯಂತ್ರಕ್ಕೆ ರೇಖಾಂಶವನ್ನೂ ಕಾಲವಲಯವನ್ನೂ ಬೇರೆ ಬೇರೆಯಾಗಿ ಕೊಡಬೇಕಾಗಿರುವುದು ಇದಕ್ಕೇ.

ಹೀಗೆ ತಪ್ಪಿನ ಗಾತ್ರ ನೋಡಿಯೇ ಕಾರಣವನ್ನು ಊಹಿಸಬಹುದು. ಮುಷ್ಟಿಯಷ್ಟು ದೂರವಾದರೆ ಸಮಯ ಅಥವಾ ಕಾಲವಲಯ ನೋಡಿ, ಆಕಾಶದ ಇನ್ನೊಂದು ಮಗ್ಗುಲಾದರೆ ದಿನಾಂಕ, ದಿಗಂತದ ಕೆಳಗೆ ಎಂದರೆ ಪೂರ್ವ-ಪಶ್ಚಿಮ. ಎರಡು ಮೂರು ಡಿಗ್ರಿ ಅತ್ತಿತ್ತ ಆದರೆ ಟ್ರೈಪಾಡ್ ಮಟ್ಟವಾಗಿಲ್ಲ, ಇಲ್ಲವೇ ಆರಂಭದಲ್ಲಿ ಕೊಳವೆಯನ್ನು ಉತ್ತರಕ್ಕೆ ಸರಿಯಾಗಿ ಇಟ್ಟಿಲ್ಲ. ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಭಾಗದಲ್ಲಿ ವ್ಯತ್ಯಾಸ ಒಂದೆರಡು ಡಿಗ್ರಿಯಷ್ಟೇ; ಆದರೆ ಅದನ್ನು ಕಬ್ಬಿಣದ ಕಾಲಿನ ಪಕ್ಕ ಹಿಡಿದರೆ ಮುಳ್ಳು ಎತ್ತಲೋ ತಿರುಗುತ್ತದೆ. ಎಲ್ಲ ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಕೆಟ್ಟರೆ ಯಾರೋ ಕಾಲು ತಾಗಿಸಿದ್ದಾರೆ.

ಎರಡು ನಕ್ಷತ್ರಗಳನ್ನು ತೋರಿಸುವ ಹಂತದಲ್ಲಿ ಗಣಿತ ಒಳಗೆ ಬರುತ್ತದೆ. ಲುಬ್ಧಕಕ್ಕೂ ಬ್ರಹ್ಮಹೃದಯಕ್ಕೂ ನಡುವಿನ ಕೋನ ಸುಮಾರು 66 ಡಿಗ್ರಿ ಎಂದು ಯಂತ್ರಕ್ಕೆ ಮೊದಲೇ ಗೊತ್ತು. ನಾವು ಬ್ರಹ್ಮಹೃದಯದ ಬದಲು ಆರ್ದ್ರೆಯನ್ನು ತೋರಿಸಿದರೆ ಆ ಕೋನ 27 ಆಗುತ್ತದೆ, ಯಂತ್ರ ಒಪ್ಪುವುದಿಲ್ಲ. ಮುಷ್ಟಿಯಿಂದ ಅಳೆದು ಮಕ್ಕಳೇ ಇದನ್ನು ಪರೀಕ್ಷಿಸಬಹುದು. ಕಷ್ಟ ಬರುವುದು ಪುನರ್ವಸುವಿನಲ್ಲಿ. ನಮ್ಮ ಹೆಸರು ಎರಡು ನಕ್ಷತ್ರಗಳಿಗೂ ಸೇರಿದ್ದು. ಹ್ಯಾಂಡ್‌ಸೆಟ್‌ಗೆ ಒಂದು ಕ್ಯಾಸ್ಟರ್, ಇನ್ನೊಂದು ಪೊಲಕ್ಸ್. ಅವೆರಡರ ನಡುವೆ ನಾಲ್ಕೂವರೆ ಡಿಗ್ರಿ ಮಾತ್ರ, ಅದಲು ಬದಲಾಗುವುದು ಸುಲಭ. ಆ ಜೋಡಿಯನ್ನು ಬಿಟ್ಟುಬಿಡುವುದೇ ಜಾಣತನ.

ಹೆಸರಿನ ಮಾತು ಬಂದದ್ದರಿಂದ ಒಂದು ವಿಷಯ. ಹ್ಯಾಂಡ್‌ಸೆಟ್‌ನಲ್ಲಿ ಎಲ್ಲ ಹೆಸರೂ ಇಂಗ್ಲಿಷ್ ಅಕ್ಷರಗಳಲ್ಲಿ, ಬಹುಪಾಲು ಅರಬ್ಬಿ, ಗ್ರೀಕ್ ಮೂಲದವು. ಆಲ್ಡೆಬರಾನ್ ಎಂದರೆ ಮಕ್ಕಳು ಸುಮ್ಮನೆ ಮುಖ ನೋಡುತ್ತಾರೆ. ರೋಹಿಣಿ ಎಂದ ಕೂಡಲೇ “ರೋಹಿಣಿ ಮಳೆನಾ ಮಿಸ್?” ರಾಗಿ ಬೆಳೆಯುವ ಸೀಮೆಯ ಮಕ್ಕಳಿಗೆ ರೋಹಿಣಿ, ಆರಿದ್ರೆ, ಮಘೆ, ಚಿತ್ತೆ, ಸ್ವಾತಿ ಎಲ್ಲ ಮಳೆಯ ಹೆಸರುಗಳು. ಆದರೆ ರೋಹಿಣಿ ಮಳೆಯ ದಿನಗಳಲ್ಲಿ, ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ರೋಹಿಣಿ ನಕ್ಷತ್ರ ಕಾಣುವುದಿಲ್ಲ. ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲೇ ಇರುವುದರಿಂದ ಆ ಮಳೆಗೆ ಆ ಹೆಸರು. ಅಜ್ಜಿಯ ಬಾಯಲ್ಲಿ ಕೇಳಿದ ಹೆಸರು ಫೆಬ್ರವರಿಯ ರಾತ್ರಿ ನೆತ್ತಿಯ ಮೇಲೆ ಕೆಂಪಗೆ ಹೊಳೆಯುವುದನ್ನು ಕಂಡಾಗ ಮಗುವಿನ ಮುಖದಲ್ಲಿ ಬರುವ ಬೆರಗನ್ನು ನಮ್ಮ ಕಲಿಕಾ ಫಲಗಳ ಪಟ್ಟಿಯಲ್ಲಿ ಯಾವ ಕ್ರಮಸಂಖ್ಯೆಗೆ ಸೇರಿಸಬೇಕೋ ನನಗೆ ತಿಳಿಯದು.

ಇದೇ ರೋಹಿಣಿ ನಮ್ಮ ಅಕ್ಷಾಂಶದ ಒಂದು ತೊಡಕನ್ನೂ ತೋರಿಸಿಕೊಡುತ್ತದೆ. ಮೌಂಟ್‌ಗಳ ಕೈಪಿಡಿಗಳು ಹೆಚ್ಚಾಗಿ ಅಮೆರಿಕ, ಯೂರೋಪಿನ ಆಕಾಶವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅಲ್ಲಿ ಧ್ರುವ ನಕ್ಷತ್ರ ಎತ್ತರದಲ್ಲಿ ನಿಂತು ಉತ್ತರವನ್ನು ತೋರಿಸುತ್ತದೆ. ಇಲ್ಲಿ ಅದು ದಿಗಂತದಿಂದ 13 ಡಿಗ್ರಿ ಮೇಲೆ. ಒಂದು ತೆಂಗಿನ ಮರ ಸಾಕು ಮರೆಮಾಡಲು. ನೆತ್ತಿಯ ಸಮಸ್ಯೆ ಇದರ ಇನ್ನೊಂದು ಮುಖ. ಮೇಲೆ ಕೆಳಗೆ, ಸುತ್ತಲೂ ತಿರುಗುವ ಮೌಂಟ್‌ಗೆ ನೆತ್ತಿಯ ನೇರದಲ್ಲಿ ದಿಕ್ಕು ಎಂಬುದೇ ಅರ್ಥ ಕಳೆದುಕೊಳ್ಳುತ್ತದೆ. ವಸ್ತು ಸ್ವಲ್ಪ ಸರಿದರೂ ಬುಡ ಬಹಳಷ್ಟು ತಿರುಗಬೇಕಾಗುತ್ತದೆ. ರೋಹಿಣಿ ನಮ್ಮ ನೆತ್ತಿಯಿಂದ ಮೂರೂವರೆ ಡಿಗ್ರಿಯಲ್ಲಿ ಹಾದುಹೋಗುತ್ತದೆ, ಮಘಾ ಬರೀ ಒಂದು ಡಿಗ್ರಿಯಲ್ಲಿ. ಫೆಬ್ರವರಿ ಮೊದಲ ವಾರ ರಾತ್ರಿ ಎಂಟರ ಸುಮಾರಿಗೆ ರೋಹಿಣಿಯನ್ನು ಹೊಂದಿಸಲು ಹೋದರೆ ಯಂತ್ರ ಪೇಚಾಡುತ್ತದೆ. ಆ ಹೊತ್ತಿಗೆ ನಮಗೆ ಲುಬ್ಧಕ ಮತ್ತು ಬ್ರಹ್ಮಹೃದಯದ ಜೋಡಿ ಒಳ್ಳೆಯದು. ಇದನ್ನು ವಿದೇಶದ ಕೈಪಿಡಿ ಹೇಳುವುದಿಲ್ಲ, ನಾವೇ ಬರೆದುಕೊಳ್ಳಬೇಕು.

ಅಕ್ಷಾಂಶವನ್ನೇ ಅನುಕೂಲ ಮಾಡಿಕೊಂಡ ಉದಾಹರಣೆಯೂ ಹತ್ತಿರದಲ್ಲೇ ಇದೆ. 1970ರಲ್ಲಿ ಕೆಲಸ ಶುರುಮಾಡಿದ ಊಟಿಯ ರೇಡಿಯೋ ದೂರದರ್ಶಕ 530 ಮೀಟರ್ ಉದ್ದ. ಊಟಿಯ ಅಕ್ಷಾಂಶ 11 ಡಿಗ್ರಿ ಚಿಲ್ಲರೆ. ಗೋವಿಂದ ಸ್ವರೂಪ್ ಮತ್ತು ಅವರ ತಂಡ ಅಷ್ಟೇ ಇಳಿಜಾರಿರುವ ಗುಡ್ಡವನ್ನು ಹುಡುಕಿ ಅದನ್ನು ಕಟ್ಟಿದರು. ಹಾಗಾಗಿ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರ, ಒಂದೇ ಅಕ್ಷದ ಸುತ್ತ ತಿರುಗಿಸಿ ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಗುಡ್ಡವೇ ಮೌಂಟ್. ಕಂಪ್ಯೂಟರಿನ ವಿಷಯಕ್ಕೆ ಬಂದರೆ ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ನಮ್ಮ ಹೊಸಕೋಟೆಯಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಮಾಗಡಿಯ ಮಕ್ಕಳಿಗೆ ಹೊಸಕೋಟೆ ಬೆಂಗಳೂರಿನ ಆಚೆ ಬದಿಯ ಊರು ಅಷ್ಟೇ. ಈ ಸಂಗತಿ ಕೇಳಿದ ಮೇಲೆ ಕೈಯಲ್ಲಿದ್ದ ಹ್ಯಾಂಡ್‌ಸೆಟ್ ಹಿಡಿಯುವ ರೀತಿಯೇ ಬದಲಾಯಿತು.

ಯಾಂತ್ರಿಕ ತೊಂದರೆಗಳಲ್ಲಿ ಎರಡು ಮಾತ್ರ ಹೇಳುತ್ತೇನೆ. ಮೋಟಾರು ವೇಗವಾಗಿ ತಿರುಗುವಾಗಲೇ ಹ್ಯಾಂಡ್‌ಸೆಟ್ ಆರಿ ಮತ್ತೆ ಹೊತ್ತಿಕೊಂಡರೆ ಯಂತ್ರ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಬಹುತೇಕ ಸಲ ಸೆಲ್ಲುಗಳು ಬಳಲಿರುತ್ತವೆ. ಹೆಚ್ಚು ವಿದ್ಯುತ್ ಎಳೆದಾಗ ಆಂತರಿಕ ರೋಧದಿಂದ ವೋಲ್ಟೇಜ್ ಕುಸಿಯುತ್ತದೆ. ಒಂದು ವೋಲ್ಟ್‌ಮೀಟರ್ ಇದ್ದರೆ ಮಕ್ಕಳೇ ಮುಳ್ಳು ಇಳಿಯುವುದನ್ನು ನೋಡುತ್ತಾರೆ. ಎಂಟು ಸಣ್ಣ ಸೆಲ್ಲುಗಳ ಬದಲು 12 ವೋಲ್ಟಿನ ಮುಚ್ಚಿದ ಬ್ಯಾಟರಿ ಒಯ್ಯುವುದು ಒಳ್ಳೆಯದು, ಜೋಡಿಸುವಾಗ ಧನ-ಋಣ ತಪ್ಪದಂತೆ ನೋಡಿಕೊಳ್ಳಬೇಕು. ಎರಡನೆಯದು ಗೇರಿನ ಸಡಿಲ. ಸೈಕಲ್ ಪೆಡಲನ್ನು ಹಿಂದಕ್ಕೆ ತುಳಿದು ಮತ್ತೆ ಮುಂದಕ್ಕೆ ತುಳಿದರೆ ಚೈನು ಬಿಗಿಯಾಗುವವರೆಗೆ ಚಕ್ರ ಅಲ್ಲಾಡುವುದಿಲ್ಲವಲ್ಲ, ಹಾಗೆ. ಆದ್ದರಿಂದ ನಕ್ಷತ್ರವನ್ನು ನಡುವಿಗೆ ತರುವಾಗ ಕೊನೆಯಲ್ಲಿ ಯಾವಾಗಲೂ ಒಂದೇ ದಿಕ್ಕಿನ ಗುಂಡಿಗಳನ್ನು ಒತ್ತಿ ಮುಗಿಸಬೇಕು; ಅನೇಕ ಕೈಪಿಡಿಗಳು ಮೇಲಿನದು ಮತ್ತು ಬಲಗಡೆಯದು ಎನ್ನುತ್ತವೆ. ನಮ್ಮ ತಂಡದಲ್ಲಿ ಇದನ್ನು ಎಲ್ಲರಿಗಿಂತ ಬೇಗ ಹಿಡಿದದ್ದು ಸೈಕಲ್ ರಿಪೇರಿ ಅಂಗಡಿಯಲ್ಲಿ ಸಂಜೆ ಕೆಲಸ ಮಾಡುವ ಹುಡುಗ, ಅದೂ ತರಗತಿಯಲ್ಲಿ ಬಾಯಿ ಬಿಡದವನು.

ಇನ್ನು ಆಕ್ಷೇಪಗಳು. ಮಕ್ಕಳು ಬಂದಿರುವುದು ನೀಹಾರಿಕೆ ನೋಡಲು, ನಿಮ್ಮ ಹ್ಯಾಂಡ್‌ಸೆಟ್ ನೋಡಲು ಅಲ್ಲ ಎಂದು ಹಿರಿಯ ಉಪನ್ಯಾಸಕರೊಬ್ಬರು ಹೇಳಿದರು. ಹೆಣ್ಣುಮಕ್ಕಳನ್ನು ಕರೆದೊಯ್ಯಲು ಮನೆಯವರು ಎಂಟೂವರೆಗೆ ಬಂದು ಗೇಟಿನ ಹತ್ತಿರ ನಿಲ್ಲುತ್ತಾರೆ, ಅವರಿಗೆ ನಿಮ್ಮ ರಚನಾವಾದ ಅರ್ಥವಾಗುವುದಿಲ್ಲ ಎಂದೂ ಹೇಳಿದರು. ಎರಡೂ ನಿಜ. ಅದಕ್ಕೇ ಒಂದೇ ಸಂಜೆಯಲ್ಲಿ ಎರಡನ್ನೂ ತುರುಕಬಾರದು. ಮೊದಲ ಸಂಜೆ ಜೋಡಣೆಗೆ, ಎರಡನೆಯ ಸಂಜೆ ನೋಡುವುದಕ್ಕೆ. ಎರಡನೆಯ ಸಂಜೆ ನಮ್ಮ ಮಕ್ಕಳು ಬೇಕೆಂದೇ ಮಾಡಿದ ತಪ್ಪುಗಳೂ ಸೇರಿ ಇಪ್ಪತ್ತೈದು ನಿಮಿಷದಲ್ಲಿ ಮೌಂಟ್ ಸಿದ್ಧಪಡಿಸಿದರು. ಕೃತ್ತಿಕಾ ಪುಂಜವನ್ನೂ ಮಹಾವ್ಯಾಧದ ನೀಹಾರಿಕೆಯನ್ನೂ ಎಲ್ಲರೂ ನೋಡಿದರು, ಗೇಟಿನ ಹತ್ತಿರ ನಿಂತಿದ್ದ ಕೆಲವು ಅಮ್ಮಂದಿರೂ ನೋಡಿದರು.

ಶಿಕ್ಷಕರೇ ಮೊದಲು ಮಾಡಿಡಬೇಕಾದ ಕೆಲಸಗಳೂ ಇವೆ, ಅವನ್ನು ನಾನು ಅಲ್ಲಗಳೆಯುತ್ತಿಲ್ಲ. ಬ್ಯಾಟರಿ ತುಂಬಿರಬೇಕು. ಫೈಂಡರನ್ನು ಹಗಲಿನಲ್ಲೇ ದೂರದ ಗುಡ್ಡದ ತುದಿಗೋ ಮೊಬೈಲ್ ಟವರಿಗೋ ಹಿಡಿದು ಹೊಂದಿಸಿರಬೇಕು. ಸೂರ್ಯ ಮುಳುಗುವ ಮುಂಚೆ ಕೊಳವೆಯ ಮುಚ್ಚಳ ತೆಗೆದು ಮಕ್ಕಳ ಕೈಗೆ ಕೊಡಲೇಬಾರದು. ತಪ್ಪು ದಿನಾಂಕ ಕೊಟ್ಟ ಮೌಂಟ್ ಸೂರ್ಯನ ಕಡೆ ತಿರುಗಿದರೂ ತಿರುಗೀತು. ಕಣ್ಣಿನ ವಿಷಯದಲ್ಲಿ ‘ತಪ್ಪಿನಿಂದ ಕಲಿಕೆ’ ಎಂಬ ಮಾತೇ ಇಲ್ಲ.

ಅವಲೋಕಕರಲ್ಲಿ ನನ್ನ ಕೋರಿಕೆ ಚಿಕ್ಕದು. ಆಕಾಶ ವೀಕ್ಷಣೆಯ ಪಾಠವನ್ನು ನೋಡಲು ಬಂದಾಗ ಪೂರ್ವಸಿದ್ಧತೆಯ ಸಾಲಿನಲ್ಲಿ ಬ್ಯಾಟರಿ, ಫೈಂಡರ್, ಸುರಕ್ಷತೆ ಇಷ್ಟನ್ನೇ ನೋಡಿ. ಟ್ರೈಪಾಡ್ ಬಿಚ್ಚಿಟ್ಟಿದ್ದರೆ, ಹ್ಯಾಂಡ್‌ಸೆಟ್ ಖಾಲಿ ಪರದೆ ತೋರಿಸುತ್ತಿದ್ದರೆ ಅಂಕ ಕಳೆಯಬೇಡಿ. ಕೊಳವೆ ತಪ್ಪು ದಿಕ್ಕಿಗೆ ತಿರುಗಿದಾಗ ಮುಂದೆ ಬಂದು ಪ್ರಶಿಕ್ಷಣಾರ್ಥಿಯ ಕೈಯಿಂದ ಹ್ಯಾಂಡ್‌ಸೆಟ್ ತೆಗೆದುಕೊಳ್ಳಬೇಡಿ. ನಾವೂ ಮಕ್ಕಳ ಕೈಯಿಂದ ತೆಗೆದುಕೊಳ್ಳುವುದಿಲ್ಲ. ಸಹಪಾಠಿಗಳಿಗೆ ಇನ್ನೊಂದು ಮಾತು. ದೂರದರ್ಶಕದ ಪೆಟ್ಟಿಗೆಯಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾವ ತಿಂಗಳು, ಯಾವ ಹೊತ್ತು, ಯಾವ ಎರಡು ನಕ್ಷತ್ರ, ಏನು ಕೈಕೊಟ್ಟಿತು, ಹೇಗೆ ಸರಿಹೋಯಿತು ಎಂದು ಮಕ್ಕಳೇ ಕನ್ನಡದಲ್ಲಿ ಬರೆಯುತ್ತಾರೆ. ಫೆಬ್ರವರಿಯ ಪುಟಗಳು ತುಂಬಿವೆ. ಮಳೆಗಾಲ ಕಳೆದು ನವೆಂಬರ್‌ನಲ್ಲಿ ಬೇರೆ ಶಾಲೆಗೆ ಒಯ್ಯುವವರು ಆ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದಿಡಬೇಡಿ. ಮೊದಲ ಪುಟದಲ್ಲಿ ಹ್ಯಾಂಡ್‌ಸೆಟ್‌ನ ಹೆಸರುಗಳಿಗೆ ಎದುರಾಗಿ ನಮ್ಮ ಹೆಸರುಗಳ ಪಟ್ಟಿ ಇದೆ. ಹದಿನಾಲ್ಕು ಸೇರಿವೆ, ಇನ್ನೂ ಜಾಗವಿದೆ.